ಮೊದಲು ಕೂತವನು

"ನಿನ್ನ ಕುಂಡೆ ಇಡ್ಲಿಕ್ಕಾ ನಾನು ಈ ಗಾಡಿ ತಂದದ್ದು? ಬೇವರ್ಸಿ! ಕೈ ತೆಗಿ ಮೊದ್ಲು!"

ಸದಾನಂದ ಸೇಠರು ಹೀಗೆ ಬೈದದ್ದು ನನ್ನ ತಮ್ಮ ಶಿವಪುತ್ರನಿಗೆ. ಅವನು ಮಾಡಿದ ತಪ್ಪೆಂದರೆ ಟ್ರೈಲರಿನ ಮೇಲೆ ನಿಂತಿದ್ದ ಹೊಸ ಕಾರಿನ ಬಾಗಿಲಿಗೆ ಕೈ ಹಾಕಿ, "ಸೇಠ್ರ, ನಾನ ಇಳಸ್ತೀನ್ರಿ, ನನ್ನ ಹತ್ರ ಲೈಸನ್ಸ್ ಐತ್ರಿ" ಅಂದದ್ದು. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಕಿಸೆಯಿಂದ ಆ ಕಾರ್ಡು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿಯೂ ಬಿಟ್ಟ.

ಆ ಕಾರ್ಡಿಗೆ ಮೂರು ತಿಂಗಳು ವಯಸ್ಸು. ಭಾಂಡುಪಿನ ಗುಡ್ಡದ ಮೇಲಿನ ನಮ್ಮ ಗಲ್ಲಿಯಲ್ಲಿ ಅದನ್ನು ನೋಡದವರು ಯಾರೂ ಇರಲಿಲ್ಲ. ಹಾಲಿನವನಿಗೆ ತೋರಿಸಿದ್ದ, ನೀರಿನ ಸಾಲಿನಲ್ಲಿ ನಿಂತ ಹೆಂಗಸರಿಗೆ ತೋರಿಸಿದ್ದ, ಫೋಟೋದಲ್ಲಿ ಕಣ್ಣು ಮುಚ್ಚಿದ ಹಾಗೆ ಬಂದಿದೆ ಎಂದವರ ಜೊತೆ ಜಗಳವಾಡಿದ್ದ. ಹನ್ನೊಂದು ವರ್ಷ ಕೂಲಿಗಾಗಿ ನಾಕಾದಲ್ಲಿ ನಿಂತು ಸಿಮೆಂಟು ಹೊತ್ತವನು ಬರುವ ಸೋಮವಾರದಿಂದ ಶಾಲೆಯ ಮಕ್ಕಳ ವ್ಯಾನ್ ಓಡಿಸುವವನಿದ್ದ. ಮಾತು ಪಕ್ಕಾ ಆಗಿತ್ತು, ಖಾಕಿ ಅಂಗಿಯನ್ನೂ ಹೊಲಿಸಿಯಾಗಿತ್ತು. ಅವತ್ತು ಗುರುವಾರ.

ಆ ಬೆಳಿಗ್ಗೆ ನಾಕಾಕ್ಕೆ ಸೇಠರೇ ಬಂದಿದ್ದರು. ಸ್ಟೇಷನ್ ಹೊರಗೆ ಕೆಲಸಕ್ಕಾಗಿ ಕಾದು ನಿಂತ ನೂರು ಜನರ ನಡುವೆ ಅವರು ಯಾವಾಗಲೂ "ಕನ್ನಡದವರು ಯಾರು ಇದ್ದೀರಿ?" ಎಂದೇ ಕೂಗುವುದು. ಮೊದಮೊದಲು ನಮ್ಮ ಭಾಷೆಯವರೆಂಬ ಪ್ರೀತಿ ಎಂದುಕೊಂಡಿದ್ದೆ. ಮನಸ್ಸು ಬಿಚ್ಚಿ ಬೈಯಲು ಅವರಿಗೆ ಕನ್ನಡವೇ ಬೇಕಿತ್ತು ಎಂದು ಆಮೇಲೆ ತಿಳಿಯಿತು. ನನ್ನನ್ನು, ಶಿವಪುತ್ರನನ್ನು, ರಾಯಚೂರಿನ ಇಬ್ಬರನ್ನು ರಿಕ್ಷಾ ಹತ್ತಿಸಿಕೊಂಡು ತಮ್ಮ ಬಿಲ್ಡಿಂಗಿಗೆ ಕರೆತಂದರು. ಹಿಂದೆ ಅಲ್ಲಿ ಬಣ್ಣದ ಕಾರ್ಖಾನೆ ಇತ್ತಂತೆ. ಈಗ ಇಪ್ಪತ್ತೆರಡು ಮಾಳಿಗೆ, ಗೇಟಿಗೆ ಎರಡು ಕಲ್ಲಿನ ಕಂಬ.

ಗೇಟಿನ ಎದುರು ಟ್ರೈಲರ್ ನಿಂತಿತ್ತು. ಅದರ ಹಿಂಭಾಗ ಗೇಟಿನ ಕಡೆಗೆ. ಮೇಲೆ ಗೇಟಿಗೇ ಮುಖ ಮಾಡಿ ನಿಂತ ಬಿಳಿ ಕಾರು, ಮೂತಿಗೆ ಮಾರುದ್ದದ ಹೂವಿನ ಹಾರ. ಓಡುವ ಕಾರನ್ನು ಹೊತ್ತು ತರುವುದೆಂದರೇನೆಂದು ನನಗೆ ನಗು ಬಂತು. ಟ್ರೈಲರಿನ ಡ್ರೈವರ್ ಉತ್ತರದ ಕಡೆಯವನು. ಅವನಿಗೆ ತಲೆ ಕೆಟ್ಟಿತ್ತು. ಬೀಡಿ ಹಚ್ಚಿಕೊಂಡು, "ದೋ ಮಿನಿಟ್ ಕಾ ಕಾಮ್ ಹೈ. ಬೈಠೂಂಗಾ, ಉತಾರೂಂಗಾ, ಬಸ್" ಎಂದು ಮತ್ತೆಮತ್ತೆ ಹೇಳುತ್ತಿದ್ದ.

ಆದರೆ ಕೂರುವ ಹಾಗಿರಲಿಲ್ಲ. ಸೇಠರ ತಾಯಿ ಅಕ್ಕು ಅಮ್ಮ ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಿಂದಿನ ಕಾರು ತಂದಾಗ ಶೋರೂಮಿನ ಹುಡುಗನೊಬ್ಬ ಮೊದಲು ಕೂತು ಓಡಿಸಿಕೊಂಡು ಬಂದಿದ್ದನಂತೆ. ವರ್ಷ ತುಂಬುವುದರೊಳಗೆ ಅವರ ಹಿರಿಮಗ ತೀರಿಕೊಂಡನಂತೆ. ಹಾಗಾಗಿ ಈ ಸಲ ಮೊದಲು ಅವರೇ ಕೂರಬೇಕು, ಅದೂ ಪೂಜೆ ಆದ ಮೇಲೆ. ಅಲ್ಲಿಯವರೆಗೆ ಆ ಸೀಟಿಗೆ ಯಾರ ಮೈಯೂ ತಾಗಬಾರದು. ಅದಕ್ಕೇ ಶೋರೂಮಿನಲ್ಲಿ ಕ್ರೇನಿನಿಂದ ಎತ್ತಿ ಟ್ರೈಲರಿನ ಮೇಲೆ ಇಟ್ಟಿದ್ದರು. ಇಳಿಸಲು ಇಲ್ಲಿ ಕ್ರೇನ್ ಇರಲಿಲ್ಲ. ಏರಿಸುವಾಗ ಇಳಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮಗನಿಗೆ ಶಿವಪುತ್ರನ ಕಾರ್ಡಿನ ಮೇಲೆ ಸಿಟ್ಟು, ತಾಯಿಗೆ ಅವನ ಹೆಸರಿನ ಮೇಲೆ ಸಂಶಯ.

"ಹೆಸ್ರು ಎಂತದು ನಿಂದು? ಶಿವಪುತ್ರನಾ? ಲಿಂಗಾಯತರಾ ನೀವು?"

"ಅಲ್ರಿ ಅಮ್ಮಾರ. ನಾವು ಕೇರಿ ಮಂದಿರಿ. ಇಂಡಿ ತಾಲೂಕಿನವ್ರು."

ಅಕ್ಕು ಅಮ್ಮ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡರು. "ಒಳಗೆ ಕೈ ಹಾಕ್ಬೇಡಿ ಮಾರ್ರೆ. ಹೊರಗಿನಿಂದ ಹಿಡ್ಕೊಳ್ಳಿ."

ಹೊರಗಿನಿಂದ ಹಿಡಿಯುವುದೆಂದು ಆಯಿತು. ಟ್ರೈಲರಿನ ಹಿಂಭಾಗದಿಂದ ನೆಲಕ್ಕೆ ಎರಡು ಕಬ್ಬಿಣದ ಹಲಗೆ ಇಟ್ಟರು. ಕಾರಿನ ಹಿಂದಿನ ಕೊಂಡಿಗೆ ಹಗ್ಗ ಬಿಗಿದರು. ಕಾರನ್ನು ಹಲಗೆಯ ತುದಿಯವರೆಗೆ ಇಂಚಿಂಚಾಗಿ ತಳ್ಳಿ, ಹ್ಯಾಂಡ್‌ಬ್ರೇಕ್ ಎಳೆಸಿ, ಮುಂದಿನ ಚಕ್ರಗಳಿಗೆ ಮರದ ಗುಟ್ಟ ಕೊಟ್ಟು ನಿಲ್ಲಿಸಿದ್ದಾಯಿತು. ಆ ಬ್ರೇಕಿಗೂ ನಮ್ಮ ಕೈ ತಾಗುವ ಹಾಗಿರಲಿಲ್ಲ. ಸೇಠರ ಮಗ ಹಿತೇಶ್ ಟ್ರೈಲರ್ ಹತ್ತಿ, ಕಿಟಕಿಯಿಂದ ಕೈ ತೂರಿಸಿ ಎಳೆದ. ಹತ್ತೊಂಬತ್ತರ ಹುಡುಗ. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ.

"ಸೇಠ್ರ, ಹಗ್ಗಾನ ಆ ಕಂಬಕ್ಕ ಎರಡ ಸುತ್ತ ಹಾಕೂಣ್ರಿ," ಎಂದ ಶಿವಪುತ್ರ. ಟ್ರೈಲರಿನ ತಲೆಯ ಕಡೆ ಒಂದು ಕಬ್ಬಿಣದ ಕಂಬವಿತ್ತು. "ಆಮ್ಯಾಲ ಸ್ವಲ್ಪ ಸ್ವಲ್ಪ ಬಿಟ್ಟರ ತಾನ ಇಳೀತೈತಿ. ಇಲ್ಲಂದ್ರ ಈ ಭಾರ ನಮಗ ತಡಿಯಂಗಿಲ್ಲ."

"ಬೇಗ ಸುತ್ತು. ಮುಹೂರ್ತಕ್ಕೆ ನಾಲ್ಕು ನಿಮಿಷ ಉಂಟು."

ಆಗ ಪೂಜೆಗೆ ಬಂದಿದ್ದ ಭಟ್ಟರು ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ಬಂದರು. ನೆಲಕ್ಕೆ ಇಳಿಯುವಾಗ ಚಕ್ರ ಮೊದಲು ಉರುಳುವುದು ನಿಂಬೆಹಣ್ಣಿನ ಮೇಲೆಯೇ ಆಗಬೇಕು. ಮುಂದಿನ ಚಕ್ರಗಳ ಬುಡದಲ್ಲಿ ಗುಟ್ಟ ಇದ್ದುದರಿಂದ ನಿಂಬೆಹಣ್ಣಿಗೆ ಜಾಗವಿರಲಿಲ್ಲ.

"ಏ ಹೆಂಗಸೇ, ಆ ಕಟ್ಟಿಗೆ ತೆಗಿ," ಎಂದರು ನನಗೆ.

"ಅದು ಗುಟ್ಟರಿ ಅಯ್ಯಾರ. ಗಾಡಿ ನಿಂತದ್ದ ಅದರ ಮ್ಯಾಲ."

"ಬ್ರೇಕ್ ಇಲ್ವಾ? ನಂಗೆ ಹೇಳಿಕೊಡ್ತಾಳೆ! ತೆಗಿ."

ನಾನು ಸೇಠರ ಮುಖ ನೋಡಿದೆ. ಅವರು ಗಡಿಯಾರ ನೋಡುತ್ತಿದ್ದರು. ಗುಟ್ಟ ತೆಗೆದೆ. ಎರಡನ್ನೂ ನಾನೇ, ಈ ಕೈಯಿಂದಲೇ ತೆಗೆದೆ. ತೆಗೆದ ಜಾಗದಲ್ಲಿ ನಿಂಬೆಹಣ್ಣು ಇಟ್ಟೆ. ಯಾರನ್ನು ಬೈಯಲು ಹೊರಟರೂ ಮೊದಲು ಈ ಮಾತು ನನಗೆ ಅಡ್ಡ ಬರುತ್ತದೆ.

ಶಿವಪುತ್ರ ಕಂಬಕ್ಕೆ ಇನ್ನೂ ಹಗ್ಗ ಸುತ್ತಿರಲಿಲ್ಲ. ಹಗ್ಗದ ತುದಿ ಹಿಡಿದು ಆ ಕಡೆ ಬಗ್ಗಿದ್ದ. ರಾಯಚೂರಿನ ಇಬ್ಬರು ಹಗ್ಗದ ನಡುವೆ ಕೈ ಹಾಕಿ ನಿಂತಿದ್ದರು. ಹಿತೇಶ್ ಮೊಬೈಲನ್ನು ತನ್ನ ಮುಖದ ಕಡೆ ತಿರುಗಿಸಿ, "ಗೈಸ್, ನ್ಯೂ ಬೇಬಿ ಬರ್ತಾ ಇದೆ. ಥ್ರೀ, ಟೂ, ವನ್" ಎಂದು, ಕಿಟಕಿಯಿಂದ ಕೈ ಹಾಕಿ ಬ್ರೇಕ್ ಇಳಿಸಿದ.

ನಿಂಬೆಹಣ್ಣು ಪಿಚಕ್ಕೆಂದಿತು, ಅಷ್ಟೇ. ರಾಯಚೂರಿನವರ ಕೈಯಿಂದ ಹಗ್ಗ ಕಿತ್ತುಕೊಂಡು ಹೋಯಿತು. ಶಿವಪುತ್ರ ಬಿಡಲಿಲ್ಲ. ಬಿಡದೇ ಇದ್ದುದಕ್ಕೆ ಟ್ರೈಲರಿನ ಉದ್ದಕ್ಕೂ ಎಳೆಸಿಕೊಂಡು ಹೋಗಿ ಅಂಚಿನಲ್ಲಿ ಬಿದ್ದ, ಎರಡೂ ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಯಿತು. ಕಾರು ಹಾರ ಹಾಕಿಕೊಂಡು ಹಲಗೆ ಇಳಿದು ನೇರವಾಗಿ ಗೇಟಿನ ಕಂಬಕ್ಕೆ ಹೋಗಿ ಗುದ್ದಿತು. ಕಂಬಕ್ಕೂ ಕಾರಿಗೂ ನಡುವೆ ಚೆನ್ನಯ ಇದ್ದ.

ಚೆನ್ನಯ ಸೇಠರ ಹೋಟೆಲಿನ ಆಳು, ಅವರ ಊರಿನವನೇ. ಅರವತ್ತು ದಾಟಿದೆ. ಕುಂಬಳಕಾಯಿ ಒಡೆಯಲೆಂದು ಅವನನ್ನು ಕರೆಸಿ ಅಲ್ಲಿ ನಿಲ್ಲಿಸಿದ್ದರು. ಕಾಯಿ ಅವನ ಕೈಯಲ್ಲೇ ಇತ್ತು. ಅವನು ಕೂಗಲೂ ಇಲ್ಲ. ಕೆಳಗೆ ನೋಡಿಕೊಂಡು, "ಅಯ್ಯೋ, ಗಾಡಿ ಹಾಳಾಯ್ತಲ್ಲ" ಎಂದ.

"ಪಪ್ಪಾ, ಬಂಪರ್ ಗಯಾ," ಎಂದ ಹಿತೇಶ್.

ಕಾರನ್ನು ಹಿಂದಕ್ಕೆ ತಳ್ಳಿದವರು ನಾವು. ಎಲ್ಲಿ ಬೇಕಾದರಲ್ಲಿ ಕೈ ಹಾಕಿ, ಹೆಗಲು ಕೊಟ್ಟು ತಳ್ಳಿದೆವು. ಆಗ ಮುಟ್ಟಬೇಡಿ ಎಂದು ಯಾರೂ ಹೇಳಲಿಲ್ಲ. ಚೆನ್ನಯನ ಎಡಗಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಟ್ರೈಲರಿನವನು ಹಲಗೆ ಎತ್ತಿಟ್ಟುಕೊಂಡು, ಚೀಟಿಗೆ ವಾಚ್‌ಮನ್ ಕೈಯಲ್ಲಿ ಸಹಿ ಹಾಕಿಸಿಕೊಂಡು, "ಮೈನೇ ಬೋಲಾ ಥಾ", ನಾನು ಮೊದಲೇ ಹೇಳಿದ್ದೆ, ಎಂದು ಹೊರಟುಹೋದ. ರಾಯಚೂರಿನ ಇಬ್ಬರು ಯಾವಾಗ ಹೋದರೋ ನಾನು ನೋಡಲಿಲ್ಲ. ಅವರು ಬುದ್ಧಿವಂತರು.

ನಾವಿಬ್ಬರೂ ಚೆನ್ನಯನನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

ಮಧ್ಯಾಹ್ನ ಅದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಸೇಠರು ಬೇರೆಯೇ ಮನುಷ್ಯರಾಗಿದ್ದರು.

"ಬಾ ಶಿವಪುತ್ರ, ಇಲ್ಲಿ ಕೂತ್ಕೋ. ಕೈಗೆ ಪಟ್ಟಿ ಹಾಕಿದ್ರಾ? ಚಾ ಕುಡ್ದಿಯಾ ನೀನು?" ಎಂದು ಬೆಂಚಿನ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಇಂಥವರು ಪಕ್ಕದಲ್ಲಿ ಕೂರಿಸಿಕೊಂಡರೆ ನನಗೆ ಹೆದರಿಕೆ.

"ನಿನ್ ಹತ್ರ ಲೈಸೆನ್ಸ್ ಉಂಟು ಅಂದಿದ್ದಿ ಅಲ್ವಾ?"

"ಹೌದ್ರಿ."

"ನೋಡು ಮಾರಾಯ, ಇದು ಪೊಲೀಸ್ ಕೇಸ್ ಆಗ್ತದೆ. ಇನ್ಶೂರೆನ್ಸ್‌ನವರೂ ಕೇಳ್ತಾರೆ, ಗಾಡಿಯಲ್ಲಿ ಯಾರು ಇದ್ದದ್ದು ಅಂತ. ಯಾರೂ ಇರ್ಲಿಲ್ಲ ಅಂದ್ರೆ ಒಂದು ಪೈಸೆ ಬಿಚ್ಚುದಿಲ್ಲ ಅವ್ರು. ಹಿತೇಶನ ಹೆಸ್ರು ಹೇಳುವ ಅಂದ್ರೆ ಅವನಿಗೆ ಲೈಸೆನ್ಸೇ ಇಲ್ಲ. ಸುಮ್ನೆ ಕಾಗದದಲ್ಲಿ ನೀನು ಕೂತಿದ್ದಿ ಅಂತ ಹೇಳಿದ್ರಾಯ್ತು."

ಶಿವಪುತ್ರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾನು ಕುಂತೇ ಇಲ್ಲಲ್ರಿ. ನೀವ ಕುಂಡ್ರಾಕ ಬಿಡಲಿಲ್ಲಲ್ರಿ."

"ಅದೇ ನಾನು ಹೇಳುದು. ಈಗ ಕೂತಿದ್ದಿ ಅಂತ ಹೇಳು."

"ಸೋಮವಾರ ವ್ಯಾನಿಗೆ ಹಾಜರಾಗ್ಬೇಕ್ರಿ ಅಂವ," ಎಂದೆ ನಾನು. "ಕೇಸ್ ಆದ್ರ ಲೈಸನ್ಸ್ ಕಸಗೊಂತಾರ. ಮಕ್ಕಳ ಗಾಡಿಗೆ ಯಾರ ಇಟ್ಕೋತಾರ್ರಿ ಇಂವನ್ನ?"

"ನೀನು ನಡುವೆ ಬಾಯಿ ಹಾಕ್ಬೇಡ." ಮಾತು ಮುಗಿಯುವಷ್ಟರಲ್ಲಿ ದನಿ ಮತ್ತೆ ಮೆತ್ತಗಾಯಿತು. "ಒಳಗೆ ಚೆನ್ನಯ ಮಲಗಿದ್ದಾನೆ. ಇವತ್ತು ಆಪರೇಷನ್ ಆಗದಿದ್ರೆ ಕಾಲು ತೆಗಿಬೇಕು ಅಂತ ಡಾಕ್ಟರ್ ಹೇಳಿದ್ದು. ಇನ್ಶೂರೆನ್ಸ್ ಇಲ್ಲದೆ ನಾನು ಖರ್ಚಿನ ಫಾರ್ಮಿಗೆ ಸೈನ್ ಹಾಕುದಿಲ್ಲ. ನಿನ್ನ ಸ್ಟೇಟ್‌ಮೆಂಟ್ ಆಯ್ತಾ, ನನ್ನ ಸೈನ್ ಆಯ್ತು. ಅವನ ಕಾಲು ನಿನ್ನ ಕೈಯಲ್ಲುಂಟು ಈಗ."

ಶಿವಪುತ್ರ ತನ್ನ ಕೈಗಳನ್ನೇ ನೋಡಿಕೊಂಡ. ಪಟ್ಟಿಯ ಒಳಗಿನಿಂದ ಹಳದಿ ನೀರು ಒಸರುತ್ತಿತ್ತು.

"ಕಾಕಾನ ಒಂದ ಮಾತ ಕೇಳ್ತೀನ್ರಿ. ಅಂವ ಎದುರಿಗೇ ನಿಂತಿದ್ದ, ಎಲ್ಲಾ ನೋಡ್ಯಾನ," ಎಂದ. ನಮ್ಮ ಹಾಗೆ ದುಡಿದು ತಿನ್ನುವ ಚೆನ್ನಯ ನಮ್ಮವನೆಂದು ಅವನಿಗೆ ನಂಬಿಕೆ. ನನಗೂ ಅದೇ ನಂಬಿಕೆ ಇತ್ತು.

ವಾರ್ಡಿನಲ್ಲಿ ಚೆನ್ನಯ ಎಚ್ಚರವಾಗಿದ್ದ. ಸೇಠರು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಅವರು ಬರುವ ಅಗತ್ಯವೂ ಇರಲಿಲ್ಲ.

"ಕಾಕಾ, ನೀ ನೋಡೀದಿ ಹೌದಿಲ್ಲೋ? ಬ್ರೇಕ್ ಯಾರು ಬಿಟ್ರು?"

ಚೆನ್ನಯ ಬಾಗಿಲ ಕಡೆ ನೋಡಿದ, ಆಮೇಲೆ ಮೇಲೆ ತಿರುಗುವ ಫ್ಯಾನ್ ನೋಡಿದ. "ನಂಗೆ ಕಣ್ಣು ಸರಿ ಕಾಣುದಿಲ್ಲ ಮಗಾ. ನಲವತ್ತು ವರ್ಷ ಆಯ್ತು, ಹೋಟ್ಲಿನ ಅಟ್ಟದಲ್ಲೇ ಮಲಗುದು ನಾನು. ಬೇರೆ ಜಾಗ ಇಲ್ಲ ನಂಗೆ. ಆ ಹುಡುಗನನ್ನ ಎತ್ತಿ ಆಡ್ಸಿದ್ದೇನೆ. ಅವನ ಹೆಸ್ರು ಹೇಗೆ ಹೇಳುದು?" ಬಾಗಿಲ ಕಡೆ ಇನ್ನೊಮ್ಮೆ ನೋಡಿ, "ನೀನೇ ಕೂತಿದ್ದಿ. ನಾನು ನೋಡಿದೆ" ಎಂದ. ಹೇಳಿ ಸೆರಗಿಲ್ಲದ ಹೆಂಗಸಿನ ಹಾಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ನನಗೆ ಅವನ ಮುರಿದ ಕಾಲನ್ನು ಇನ್ನೊಮ್ಮೆ ಮುರಿಯಬೇಕೆನಿಸಿತು. ಅವನ ಪಕ್ಕ ಕೂತು ಅಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಶಿವಪುತ್ರ ಮಾತ್ರ ಬಗ್ಗಿ, ಜಾರಿದ ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು, "ಇರ್ಲಿ ಬಿಡು ಕಾಕಾ" ಎಂದ.

ಪೊಲೀಸ್ ಚೌಕಿಯಲ್ಲಿ ಹವಾಲ್ದಾರ ಮರಾಠಿಯಲ್ಲಿ ಬರೆದುಕೊಂಡ. ಏನು ಬರೆದೆ ಎಂದು ನಾನು ಕೇಳಿದ್ದಕ್ಕೆ, "ತುಲಾ ಕಾಯ್ ಕರಾಯ್ಚಂಯ್?", ನಿನಗೇನಾಗಬೇಕು, ಎಂದು ಗದರಿದ. ಸೇಠರೇ ಕನ್ನಡದಲ್ಲಿ ಹೇಳಿದರು: ಚಾಲಕ ಶಿವಪುತ್ರ ಮಾಲಕರ ಅನುಮತಿ ಇಲ್ಲದೆ ಗಾಡಿಯೊಳಗೆ ಕೂತು, ಅಜಾಗರೂಕತೆಯಿಂದ ಇಳಿಸಿದ. ಅನುಮತಿ ಇಲ್ಲದೆ ಎಂಬ ಮಾತನ್ನು ಅವರು ಮೊದಲು ಹೇಳಿರಲಿಲ್ಲ. ಅಷ್ಟರಲ್ಲಿ ಶಿವಪುತ್ರ ಪಟ್ಟಿ ಕಟ್ಟಿದ ಕೈಯಿಂದ ಪೆನ್ನು ಹಿಡಿಯಲಾಗದೆ ಹೆಬ್ಬೆಟ್ಟು ಒತ್ತಿಬಿಟ್ಟಿದ್ದ. ಏಳನೇ ತರಗತಿ ಓದಿದವನು, ಲೈಸೆನ್ಸಿನ ಮೇಲೆ ಚೆಂದಾಗಿ ಸಹಿ ಹಾಕಿದವನು. ಹವಾಲ್ದಾರ ಕಾರ್ಡನ್ನು ಇಸಿದುಕೊಂಡು ಫೈಲಿಗೆ ಪಿನ್ನು ಚುಚ್ಚಿದ. ಚುಚ್ಚುವಾಗ ಪಿನ್ನು ಫೋಟೋದ ಹಣೆಗೆ ಬಿತ್ತು.

ವ್ಯಾನಿನ ಮಾಲಕನಿಗೆ ಶುಕ್ರವಾರವೇ ಸುದ್ದಿ ಮುಟ್ಟಿತ್ತು. ಫೋನಿನಲ್ಲಿ ಅವನು ಬೈಯಲಿಲ್ಲ. "ಮಕ್ಕಳ ವಿಷಯ, ಗೊತ್ತಲ್ಲ" ಎಂದ. ಶಿವಪುತ್ರ "ಹೌದ್ರಿ, ಗೊತ್ತೈತ್ರಿ" ಎಂದ. ಖಾಕಿ ಅಂಗಿ ಗೂಟದಲ್ಲೇ ಇತ್ತು. ಅದನ್ನು ತೆಗೆದಿಡು ಎಂದು ಅವನು ಹೇಳಲಿಲ್ಲ. ನಾನೂ ತೆಗೆಯಲಿಲ್ಲ.

ಶನಿವಾರ ಬೆಳಿಗ್ಗೆ ಸೇಠರು ಮತ್ತೆ ಹೇಳಿಕಳಿಸಿದರು. ಇನ್ಶೂರೆನ್ಸಿನ ಸರ್ವೇಯರ್ ಬಂದಿದ್ದಾರೆ, ಚಾಲಕ ಬರಬೇಕು, ಬಾರದಿದ್ದರೆ ಚೆನ್ನಯನ ಎರಡನೇ ಆಪರೇಷನ್ ನಿಲ್ಲುತ್ತದೆ.

ಸರ್ವೇಯರ್ ತುಷಾರ್ ಎಂಬವನು, ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಅಪ್ಪ ಅಮ್ಮ ಮೈಸೂರಿನವರಂತೆ, ಗೋರೆಗಾಂವಿನಲ್ಲಿ ಮನೆ. ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದ. ಕಾಂಪೌಂಡಿನಲ್ಲಿ ಮೂತಿ ಜಜ್ಜಿಕೊಂಡು ನಿಂತ ಕಾರಿಗೆ ಕೀ ಚುಚ್ಚಿ ಮೀಟರ್ ನೋಡಿದ. ಮೀಟರಿನಲ್ಲಿ ಸೊನ್ನೆ ಇತ್ತು. ಸೊನ್ನೆಯ ಫೋಟೋ ತೆಗೆದ. ಆಮೇಲೆ ಶಿವಪುತ್ರನ ಕೈ ನೋಡಿದ.

"ನೀವು ಡ್ರೈವ್ ಮಾಡ್ತಾ ಇದ್ರಿ ಅಲ್ವಾ? ಮತ್ತೆ ಕೈ ಹೇಗೆ ಹೀಗಾಯ್ತು?"

ಶಿವಪುತ್ರ ಸೇಠರ ಕಡೆ ನೋಡಿದ. ಸೇಠರು ಮೊಬೈಲ್ ನೋಡುತ್ತಿದ್ದರು. ತುಷಾರ್ ನಿಟ್ಟುಸಿರು ಬಿಟ್ಟು, ಇನ್ನೇನೂ ಕೇಳದೆ ಹಾಳೆ ತಿರುಗಿಸಿದ. ಅವನಿಗೆ ಎಲ್ಲಾ ತಿಳಿಯಿತು ಎಂದು ನನಗೆ ತಿಳಿಯಿತು. ಆದರೂ ಅವನು, "ಒಂದು ಫೋಟೋ ಬೇಕು. ಡ್ರೈವರ್ ಸೀಟಲ್ಲಿ ಕೂತು, ಲೈಸೆನ್ಸ್ ಝೆರಾಕ್ಸ್ ಹಿಡ್ಕೊಂಡು. ಹೆಡ್ ಆಫೀಸಿಗೆ ಕಂಪಲ್ಸರಿ" ಎಂದ.

ಅಕ್ಕು ಅಮ್ಮನಿಗೆ ಅದು ಕೇಳಿಸಿತು.

"ಅದ್ರಲ್ಲಿ ಅವ ಕೂರುದಾ? ನಾನೇ ಕೂತಿಲ್ಲ ಇನ್ನೂ! ಸದಾ, ನಿಂಗೆ ಮಂಡೆ ಸರಿ ಉಂಟಾ?"

ಸೇಠರು ಭಟ್ಟರಿಗೆ ಫೋನ್ ಹಚ್ಚಿದರು. ಐದು ನಿಮಿಷದ ಮಾತಿನ ನಂತರ ದಾರಿ ಸಿಕ್ಕಿತು. ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮೇಲೆ ಪೇಪರ್ ಹಾಸಬೇಕು. ಕೂತು ಎದ್ದ ಮೇಲೆ ಪೇಪರ್ ಸುಟ್ಟು, ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದರೆ ಮೊದಲು ಕೂತ ಹಾಗೆ ಆಗುವುದಿಲ್ಲ. ಹಿತೇಶ್ ಹೋಟೆಲಿನ ಹಳೆಯ ಪೇಪರುಗಳ ಕಟ್ಟು ತಂದ. ಸೀಟಿಗೆ, ಬೆನ್ನಿಗೆ, ಕಾಲಿಡುವಲ್ಲಿಗೆ, ಒಂದೊಂದಾಗಿ ಹಾಸಿದ. ಸತ್ತವರನ್ನು ಮಲಗಿಸಲು ಕೂಡ ನಮ್ಮ ಕೇರಿಯಲ್ಲಿ ಇಷ್ಟು ಜೋಪಾನ ಮಾಡುವುದಿಲ್ಲ.

"ಮೆಲ್ಲ ಕೂತ್ಕೋ. ಅಲ್ಲಿ ಇಲ್ಲಿ ತಾಗ್ಸಬೇಡ," ಎಂದರು ಸೇಠರು.

ಶಿವಪುತ್ರ ಚಪ್ಪಲಿ ಬಿಟ್ಟು, ಮೈ ಮುದುಡಿಸಿಕೊಂಡು ಒಳಗೆ ಕೂತ. ಪೇಪರ್ ಪರಪರ ಎಂದಿತು. ಝೆರಾಕ್ಸನ್ನು ಎದೆಗೆ ಹಿಡಿದ. "ಸ್ಟೇರಿಂಗ್ ಮೇಲೆ ಒಂದು ಕೈ ಇಡಿ," ಎಂದ ತುಷಾರ್. ಇಟ್ಟ. ಆಮೇಲೆ ಶಿವಪುತ್ರ ನನ್ನ ಕಡೆ ತಿರುಗಿದ. ಊರಲ್ಲಿರುವ ಅವನ ಹೆಂಡತಿ, ಸ್ಟೇರಿಂಗ್ ಹಿಡಿದ ಫೋಟೋ ಕಳಿಸು ಎಂದು ಮೂರು ತಿಂಗಳಿನಿಂದ ಕಾಡುತ್ತಿದ್ದಳು.

"ಅಕ್ಕಾ, ಹೆಂಗ ಕಾಣ್ತೀನಿ?" ಎಂದ.

ಅವನು ಚೇಷ್ಟೆಗೆ ಕೇಳಿದ್ದಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ. ನಾನು ಕಾರಿನ ಬಾಗಿಲ ಹತ್ತಿರ ಹೋದೆ.

"ಏಳೋ," ಎಂದೆ.

"ಯಾಕಬೇ?"

"ಏಳಂದ್ರ ಏಳೋ ಭಾಡ್ಯಾ! ಒಂದ ಚೂರ ಎದ್ದೇಳು."

ಅವನು ಅರ್ಧ ಎದ್ದ. ನಾನು ಒಳಗೆ ಕೈ ಹಾಕಿ ಪೇಪರ್ ಎಳೆದೆ. ಅದರ ಕೆಳಗಿನ ಪ್ಲಾಸ್ಟಿಕ್ಕನ್ನು ಉಗುರು ಹಾಕಿ ಹರಿದೆ. ಬೆನ್ನಿನದನ್ನು, ಕಾಲ ಬುಡದ್ದನ್ನು, ಎಲ್ಲವನ್ನೂ ಹರಿದು ಉಂಡೆ ಮಾಡಿ ಸೇಠರ ಎದೆಗೆ ಎಸೆದೆ. ಒಳಗಿನ ಸೀಟು ಬೆಣ್ಣೆಯ ಬಣ್ಣದ್ದಾಗಿತ್ತು.

"ಈಗ ಕೂಡು. ಕುಂತೀನಿ ಅಂತ ಹೆಬ್ಬೆಟ್ಟ ಒತ್ತೀದಿ ಹೌದಿಲ್ಲ? ಕೂಡು!"

ಅವನು ಕೂತ. ಭಾರ ಬಿಟ್ಟು, ಬೆನ್ನು ಆನಿಸಿ ಕೂತ. ತುಷಾರನ ಮೊಬೈಲ್ ಟಕ್ ಎಂದಿತು.

"ಏಯ್ ರಂಡೆ!" ಎಂದರು ಸೇಠರು. ಅಕ್ಕು ಅಮ್ಮ ಕುರ್ಚಿಯಿಂದ ಎದ್ದು, ದೇವರ ಹೆಸರು ಹಿಡಿದು ಕೂಗತೊಡಗಿದರು. ನಾನು ಆ ಕಡೆಯಿಂದ ಸುತ್ತಿಕೊಂಡು ಬಂದು, ಇನ್ನೊಂದು ಬಾಗಿಲು ತೆಗೆದು, ಸಿಮೆಂಟು ಮೆತ್ತಿದ ಸೀರೆಯಲ್ಲೇ ಅವನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಶಿವಪುತ್ರ ತನ್ನ ಕಡೆಯ ಬಾಗಿಲು ಹಾಕಿ ಒಂದು ಗುಂಡಿ ಒತ್ತಿದ. ನಾಲ್ಕೂ ಬಾಗಿಲು ಒಟ್ಟಿಗೆ ಭದ್ರವಾದವು. ಮಕ್ಕಳು ಒಳಗಿರುವಾಗ ಹೀಗೆ ಮಾಡಬೇಕೆಂದು ಅವನಿಗೆ ಕಲಿಸಿದ್ದರಂತೆ.

ಕೀ ಒಳಗೇ ಇತ್ತು. ಇನ್ನೊಂದು ಕೀ ತರಲು ಹಿತೇಶ್ ಲಿಫ್ಟಿನ ಕಡೆ ಓಡಿದ. ಸೇಠರು ಎರಡೂ ಕೈಯಿಂದ ಗಾಜಿಗೆ ಬಡಿಯುತ್ತಿದ್ದರು. ಅವರ ಬಾಯಿ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ವಾಚ್‌ಮನ್ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ಮುಂದಿನ ಚಕ್ರ ಸೊಟ್ಟಗಾಗಿತ್ತು. ಆ ಗಾಡಿ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಝೆರಾಕ್ಸನ್ನು ಕಿಸೆಗೆ ಹಾಕಿ, ಪಟ್ಟಿ ಕಟ್ಟಿದ ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟ.

"ಎಲ್ಲಿಗೆ ಹೋಗೂಣಕ್ಕಾ, ಹೇಳು," ಎಂದ.

ನಾನು ಯೋಚಿಸಿದೆ. ಎಷ್ಟು ಯೋಚಿಸಿದರೂ ಯಾವ ಊರಿನ ಹೆಸರೂ ನನ್ನ ಬಾಯಿಗೆ ಬರಲಿಲ್ಲ.